ಹರಳನ್ನು ಅರಿತು ಮೆಚ್ಚುವುದು ಹೇಗೆ: ಲ್ಯಾಬ್ ಯುಗದ ರತ್ನಪ್ರಿಯರಿಗೆ ಸಮಗ್ರ ಮಾರ್ಗದರ್ಶಿ

ಒಂದೇ ಗಾತ್ರದ, ಒಂದೇ ಕೆಂಪಿನ ಎರಡು ಹರಳುಗಳನ್ನು ಪಕ್ಕಪಕ್ಕದಲ್ಲಿಡಿ. ಬೆಳಕು ಹರಳಿನೊಳಗೆ ಎಷ್ಟು ಬಾಗುತ್ತದೆ ಎಂದು ಹೇಳುವ ವಕ್ರೀಭವನಾಂಕ ಎರಡಕ್ಕೂ 1.762–1.770. ನೀರಿಗೆ ಹೋಲಿಸಿದ ಸಾಪೇಕ್ಷ ಸಾಂದ್ರತೆ ಎರಡಕ್ಕೂ 4.00, ಹತ್ತರ ಮೋಹ್ಸ್ ಮಾನದಲ್ಲಿ ಗಡಸುತನ ಎರಡಕ್ಕೂ 9. ಎರಡೂ ಮಾಣಿಕ್ಯ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್; ಎರಡಕ್ಕೂ ಕೆಂಪು ಬಂದಿರುವುದು ಅಲ್ಪ ಪ್ರಮಾಣದ ಕ್ರೋಮಿಯಂನಿಂದ. ಒಂದು ಕೋಟ್ಯಂತರ ವರ್ಷಗಳ ಹಿಂದೆ ಭೂಮಿಯೊಳಗೆ ಹುಟ್ಟಿದ್ದು. ಇನ್ನೊಂದು ಕುಲುಮೆಯಲ್ಲಿ ಕೆಲವೇ ಗಂಟೆಗಳಲ್ಲಿ ಬೆಳೆದದ್ದು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಆಗಸ್ಟ್ ವೆರ್ನ್ಯೂಯ್ 1902ರಲ್ಲಿ ಈ ಕುಲುಮೆಯ ವಿಧಾನವನ್ನು ಪ್ರಕಟಿಸಿದರು. ಹಾಗಾಗಿ ಶತಮಾನ ದಾಟಿದ ಹಳೆಯ ಒಡವೆಯಲ್ಲೂ ಸಿಂಥೆಟಿಕ್ ಮಾಣಿಕ್ಯ ಇರಬಹುದು. ‘ಹಳೆಯದು, ಆದ್ದರಿಂದ ಅಸಲಿ’ ಎಂಬ ಮಾತಿಗೆ ಬುಡವಿಲ್ಲ.

ಎರಡು ಹರಳುಗಳನ್ನೂ ಮೆಚ್ಚಬಹುದು. ಆದರೆ ಏನನ್ನು ಮೆಚ್ಚುತ್ತಿದ್ದೇವೆ ಎಂಬುದು ಗೊತ್ತಿರಬೇಕು. ಪರೀಕ್ಷೆಯಿಂದ ಹರಳಿನ ಮೇಲಿನ ಪ್ರೀತಿ ಕಡಿಮೆಯಾಗುತ್ತದೆ ಎಂದು ಹೇಳುವವರಿದ್ದಾರೆ. ಅದು ಸರಿಯಲ್ಲ. ಹತ್ತು ಪಟ್ಟು ಹಿಗ್ಗಿಸಿ ಹರಳಿನ ಒಳಗನ್ನು ಒಮ್ಮೆ ನೋಡಿದವರು ಬಣ್ಣವೊಂದನ್ನೇ ನೋಡಿ ತೃಪ್ತರಾಗುವುದಿಲ್ಲ.

ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿ

ಹರಳು ಕೈಗೆ ಬಂದ ಕೂಡಲೇ ‘ಅಸಲಿಯೋ ನಕಲಿಯೋ’ ಎಂದು ಕೇಳುವುದು ರೂಢಿ. ಈ ಒಂದು ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳು ಸೇರಿಕೊಂಡಿವೆ. ಬಿಡಿಸದೆ ಉತ್ತರ ಸಿಗುವುದಿಲ್ಲ.

ಮೊದಲನೆಯದು, ಇದು ಯಾವ ವಸ್ತು? ಮಾಣಿಕ್ಯವೋ, ಸ್ಪಿನೆಲ್ಲೋ, ಗಾರ್ನೆಟ್ಟೋ, ಗಾಜೋ? ಎರಡನೆಯದು, ಬೆಳೆದದ್ದು ಎಲ್ಲಿ? ಭೂಮಿಯಲ್ಲೋ, ಪ್ರಯೋಗಾಲಯದಲ್ಲೋ? ಮೂರನೆಯದು, ಆಮೇಲೆ ಅದಕ್ಕೆ ಏನು ಮಾಡಿದ್ದಾರೆ? ಬಿಸಿ ಮಾಡಿದ್ದಾರೆಯೇ, ಎಣ್ಣೆ ತುಂಬಿದ್ದಾರೆಯೇ, ಗಾಜು ತುಂಬಿದ್ದಾರೆಯೇ, ಬಣ್ಣ ಒಳಗಿಳಿಸಿದ್ದಾರೆಯೇ?

ಸಿಂಥೆಟಿಕ್ ಎಂದರೆ ಅದೇ ಖನಿಜ, ಮನುಷ್ಯ ಬೆಳೆಸಿದ್ದು. ಅನುಕರಣೆ ಎಂದರೆ ಬೇರೆಯದೇ ವಸ್ತು, ನೋಟಕ್ಕೆ ಮಾತ್ರ ಹೋಲುವಂಥದ್ದು. ಲ್ಯಾಬ್‌ನಲ್ಲಿ ಬೆಳೆದ ವಜ್ರ ವಜ್ರವೇ. ಕ್ಯೂಬಿಕ್ ಜಿರ್ಕೋನಿಯಾ ವಜ್ರವಲ್ಲ. ಎರಡನ್ನೂ ‘ಡೂಪ್ಲಿಕೇಟ್’ ಎಂದು ಒಂದೇ ಬುಟ್ಟಿಗೆ ಹಾಕುವುದರಿಂದಲೇ ಅರ್ಧ ಗೊಂದಲ ಹುಟ್ಟುವುದು. ನಮ್ಮ ದೃಷ್ಟಿಯಲ್ಲಿ ಸಿಂಥೆಟಿಕ್ ಹರಳಿನಲ್ಲಿ ಮೋಸವಿಲ್ಲ. ಅದು ಸಿಂಥೆಟಿಕ್ ಎಂದು ಹೇಳದೆ ಮಾರುವುದೇ ಮೋಸ.

ಮೊದಲ ಪ್ರಶ್ನೆಗೆ ಅಳತೆಗಳು ಉತ್ತರ ಕೊಡುತ್ತವೆ. ಎರಡನೆಯದಕ್ಕೆ ಹೆಚ್ಚಾಗಿ ಹರಳಿನ ಒಳಗುರುತುಗಳು ಬೇಕು. ಮೂರನೆಯದಕ್ಕೆ ಕೆಲವೊಮ್ಮೆ ಲೂಪ್ ಎಂಬ ಪುಟ್ಟ ಭೂತಗನ್ನಡಿ ಸಾಕು, ಕೆಲವೊಮ್ಮೆ ದೊಡ್ಡ ಪ್ರಯೋಗಾಲಯವೇ ಬೇಕು. ಮುಂದಿನ ಹಂತಗಳೆಲ್ಲ ಈ ಮೂರು ಪ್ರಶ್ನೆಗಳ ಸುತ್ತಲೇ ಇವೆ.

ಬೇಕಾದ ಸಲಕರಣೆ

ಮೊದಲು ಕೊಳ್ಳಬೇಕಾದದ್ದು 10 ಪಟ್ಟು ಹಿಗ್ಗಿಸುವ ಟ್ರಿಪ್ಲೆಟ್ ಲೂಪ್. ಮೂರು ಮಸೂರಗಳನ್ನು ಜೋಡಿಸಿದ ಇಂಥ ಲೂಪಿನಲ್ಲಿ ಅಂಚುಗಳು ಬಾಗಿ ಕಾಣುವುದಿಲ್ಲ, ಬಣ್ಣದ ಅಂಚುಪಟ್ಟಿಯೂ ಮೂಡುವುದಿಲ್ಲ. ಪರೀಕ್ಷಿಸಲು ಚೌಕಳಿ ಕಾಗದವನ್ನು ನೋಡಿ: ಗೆರೆಗಳು ಅಂಚಿನವರೆಗೂ ನೇರವಾಗಿರಬೇಕು. 20 ಅಥವಾ 30 ಪಟ್ಟು ಎಂದು ಬರೆದ ಅಗ್ಗದ ಲೂಪ್‌ಗಳ ಆಸೆ ಬೇಡ. ಅವುಗಳಲ್ಲಿ ಫೋಕಸ್ ಆಗುವ ಪದರ ತೀರಾ ತೆಳು, ಹರಳು ಕಣ್ಣಿಗೆ ತಾಗುವಷ್ಟು ಹತ್ತಿರ ಬರಬೇಕಾಗುತ್ತದೆ.

ಅದರ ಜೊತೆಗೆ ತುದಿಯಲ್ಲಿ ಸಣ್ಣ ಗೀರುಗಳಿರುವ ಚಿಮಟ, ನೂಲು ಬಿಡದ ಬಟ್ಟೆ, ಕಿರಿದಾದ ಕಿರಣ ಬೀರುವ ಟಾರ್ಚ್, ಬಿಳಿ ಕಾಗದ, ಮತ್ತು 0.001 ಗ್ರಾಂ ವರೆಗೆ ತೋರಿಸುವ ತಕ್ಕಡಿ ಇರಲಿ. ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ. ವಕ್ರೀಭವನಾಂಕ ಅಳೆಯುವ ರಿಫ್ರಾಕ್ಟೋಮೀಟರ್, ಧ್ರುವೀಕರಿಸಿದ ಬೆಳಕಿನಲ್ಲಿ ಹರಳನ್ನು ತೋರಿಸುವ ಪೋಲಾರಿಸ್ಕೋಪ್, ಹರಳಿನ ಎರಡು ಬಣ್ಣಗಳನ್ನು ಬೇರ್ಪಡಿಸಿ ತೋರಿಸುವ ಡೈಕ್ರೋಸ್ಕೋಪ್ ಮತ್ತು ಯುವಿ (ಅತಿನೇರಳೆ) ದೀಪವನ್ನು ಆಮೇಲೆ ಒಂದೊಂದಾಗಿ ಸೇರಿಸಿಕೊಳ್ಳಬಹುದು.

ಹಂತ 1: ಒರೆಸಿ, ಬರಿಗಣ್ಣಿನಲ್ಲಿ ನೋಡಿ

ಬೆರಳಿನ ಜಿಡ್ಡು ಹರಳಿನ ಹೊಳಪನ್ನು ಕೆಡಿಸುತ್ತದೆ, ಧೂಳಿನ ಕಣ ಒಳಗುರುತಿನ ವೇಷ ಹಾಕುತ್ತದೆ. ಬಟ್ಟೆಯಿಂದ ಒರೆಸಿ, ಚಿಮಟದಲ್ಲಿ ನಡುಪಟ್ಟಿಯ, ಅಂದರೆ ಹರಳಿನ ಅತಿ ಅಗಲವಾದ ಅಂಚಿನ, ಎರಡು ಬದಿಗಳನ್ನು ಹಿಡಿಯಿರಿ. ಬಿಗಿಯಾಗಿ ಅದುಮಿದರೆ ಹರಳು ಸಿಡಿದು ಹಾರುತ್ತದೆ. ಆದ್ದರಿಂದ ಕೆಳಗೆ ಬಟ್ಟೆ ಹಾಸಿಕೊಂಡಿರಿ.

ಬಣ್ಣವನ್ನು ಮೂರು ಭಾಗವಾಗಿ ಬಿಡಿಸಿ ನೋಡುವ ಅಭ್ಯಾಸ ಮಾಡಿ. ವರ್ಣ ಯಾವುದು, ಉದಾಹರಣೆಗೆ ಕೆಂಪಿನಲ್ಲಿ ನೇರಳೆಯ ಛಾಯೆಯೋ ಕಿತ್ತಳೆಯ ಛಾಯೆಯೋ? ಎಷ್ಟು ಗಾಢ ಅಥವಾ ಎಷ್ಟು ತಿಳಿ? ಎಷ್ಟು ತುಂಬಿದ ಬಣ್ಣ, ಅಂದರೆ ಬೂದು ಅಥವಾ ಕಂದು ಬೆರೆಯದೆ ಎಷ್ಟು ಶುದ್ಧವಾಗಿದೆ? ಗಾಢವಾದದ್ದೆಲ್ಲ ಉತ್ತಮವಲ್ಲ. ಕಪ್ಪಾಗುವಷ್ಟು ಗಾಢವಾದ ನೀಲಕ್ಕಿಂತ (ಸಫೈರ್) ನಡುಮಟ್ಟದ, ತುಂಬಿದ ಬಣ್ಣದ ನೀಲ ಮೇಲು.

ಬೆಳಕನ್ನು ಬದಲಿಸದೆ ಬಣ್ಣದ ಬಗ್ಗೆ ತೀರ್ಪು ಕೊಡಬೇಡಿ. ಹಳದಿ ಬಲ್ಬಿನ ಕೆಳಗೆ ಮಾಣಿಕ್ಯ ಅರಳುತ್ತದೆ, ನೀಲ ಮಂಕಾಗುತ್ತದೆ. ನೇರ ಬಿಸಿಲಿಲ್ಲದ ಹಗಲಿನ ಬೆಳಕಿನಲ್ಲಿ ಇದು ಅದಲುಬದಲು. ಒಂದೇ ದೀಪ ಸಿಗುವುದಾದರೆ 5,000ದಿಂದ 6,500 ಕೆಲ್ವಿನ್‌ನ, ಬಣ್ಣಗಳನ್ನು ನಿಜವಾಗಿ ತೋರಿಸುವ ಸೂಚ್ಯಂಕ 90ಕ್ಕಿಂತ ಹೆಚ್ಚಿರುವ ಎಲ್‌ಇಡಿ ಆರಿಸಿ. ಅಲೆಕ್ಸಾಂಡ್ರೈಟ್ ಆದರೆ ಹಗಲಿನಲ್ಲಿ ಹಸಿರು, ಬಲ್ಬಿನಡಿ ಕೆಂಪು. ಅದನ್ನು ಎರಡೂ ಬೆಳಕಿನಲ್ಲಿ ನೋಡಲೇಬೇಕು.

ಬಳಿಕ ಕಟಿಂಗ್. ಹರಳನ್ನು ಅಚ್ಚಾದ ಅಕ್ಷರಗಳ ಮೇಲೆ ಹಿಡಿದು ಟೇಬಲ್ ಎಂಬ ಮೇಲಿನ ದೊಡ್ಡ ಮುಖದ ಮೂಲಕ ಕೆಳಗೆ ನೋಡಿ. ನಡುವೆ ಅಕ್ಷರ ಓದಲು ಬಂದರೆ ಅಲ್ಲಿ ‘ಕಿಟಕಿ’ ಇದೆ ಎಂದರ್ಥ. ತಳಭಾಗವನ್ನು ತೀರಾ ಚಪ್ಪಟೆಯಾಗಿ ಕತ್ತರಿಸಿದ್ದರಿಂದ ಬೆಳಕು ಹಿಂದಿರುಗದೆ ಕೆಳಗೆ ಸೋರಿಹೋಗುತ್ತಿದೆ. ತಳ ಅತಿಯಾಗಿ ಆಳವಾಗಿದ್ದರೆ ಕೆಲವು ಭಾಗಗಳು ಕಪ್ಪಗೆ ಕಾಣುತ್ತವೆ. ಕಚ್ಚಾ ಹರಳಿನ ತೂಕ ಉಳಿಸುವ ಆಸೆಗೆ ಕಟಿಂಗ್ ಬಲಿಯಾಗುವುದು ಸಾಮಾನ್ಯ. ಬಣ್ಣ ಒಂದು ಮೆಟ್ಟಿಲು ಕೆಳಗಿದ್ದರೂ ಬೆಳಕನ್ನು ಪೂರ್ತಿ ಹಿಂದಿರುಗಿಸುವ ಹರಳನ್ನೇ ನಾವು ಮೊದಲು ಕೈಗೆತ್ತಿಕೊಳ್ಳುತ್ತೇವೆ.

ಈ ಹಂತದಲ್ಲೇ ಜೋಡಿಸಿದ ಹರಳು, ಅಂದರೆ ಡಬ್ಲೆಟ್, ಸಿಕ್ಕಿಬೀಳಬಹುದು. ಹರಳನ್ನು ಬಿಳಿ ಕಾಗದದ ಮೇಲೆ ಟೇಬಲ್ ಕೆಳಗಾಗುವಂತೆ ಇಡಿ. ಹಸಿರು ಅಥವಾ ನೀಲಿ ಹರಳಿನ ಸುತ್ತ ಕೆಂಪು ಉಂಗುರ ಕಂಡರೆ ಅದು ಗಾಜಿನ ಮೇಲೆ ಗಾರ್ನೆಟ್‌ನ ತೆಳು ಪದರ ಬೆಸೆದ ಹಳೆಯ ಕಾಲದ ಡಬ್ಲೆಟ್.

ಹಂತ 2: ಲೂಪ್ ಹಿಡಿಯುವ ರೀತಿ, ನೋಡುವ ರೀತಿ

ಲೂಪನ್ನು ಕಣ್ಣಿಗೆ ಒತ್ತಿ ಹಿಡಿಯಿರಿ. ಹರಳನ್ನು ಸುಮಾರು 2.5 ಸೆಂ.ಮೀ. ದೂರಕ್ಕೆ ತನ್ನಿ. ಲೂಪ್ ಹಿಡಿದ ಕೈ ಕೆನ್ನೆಗೆ, ಚಿಮಟ ಹಿಡಿದ ಕೈ ಆ ಕೈಗೆ, ಎರಡೂ ಮೊಣಕೈ ಮೇಜಿಗೆ ಆನಿರಲಿ. ಎರಡೂ ಕಣ್ಣು ತೆರೆದಿರಲಿ. ಒಂದನ್ನು ಮುಚ್ಚಿದರೆ ಐದು ನಿಮಿಷದಲ್ಲಿ ಕಣ್ಣು ಸೋಲುತ್ತದೆ. ಬೆಳಕು ಹರಳಿನ ಪಕ್ಕದಿಂದ ಬರಲಿ, ಹಿನ್ನೆಲೆ ಕಪ್ಪಗಿರಲಿ. ಎದುರಿನಿಂದ ಬಿದ್ದ ಬೆಳಕು ಮೇಲ್ಮೈಯಲ್ಲೇ ಪ್ರತಿಫಲಿಸಿ ಒಳಗನ್ನು ಮುಚ್ಚಿಬಿಡುತ್ತದೆ.

ಮೊದಲು ಮೇಲ್ಮೈ ನೋಡಿ. ಮುಖಗಳು ಸೇರುವ ಅಂಚುಗಳು ಚೂಪಾಗಿದ್ದರೆ ಗಡಸು ಹರಳು. ಸವೆದು ದುಂಡಗಾಗಿದ್ದರೆ ಗಾಜು ಅಥವಾ ಮೆದು ಖನಿಜದ ಶಂಕೆ. ನಂತರ ಫೋಕಸ್ಸನ್ನು ನಿಧಾನವಾಗಿ ಒಳಗೆ ಇಳಿಸುತ್ತ ಹೋಗಿ. ಕೊನೆಗೆ ಹರಳನ್ನು ಓರೆಯಾಗಿಸಿ, ಮೇಲ್ಭಾಗದ ಮುಖವೊಂದರ ಮೂಲಕ ಹಿಂದಿನ ಅಂಚುಗಳನ್ನು ನೋಡಿ. ಒಂದೊಂದು ಅಂಚು ಎರಡೆರಡಾಗಿ ಕಂಡರೆ ಆ ಹರಳಿಗೆ ದ್ವಿವಕ್ರೀಭವನ ಗುಣ, ಅಂದರೆ ಬೆಳಕಿನ ಕಿರಣವನ್ನು ಎರಡಾಗಿ ಒಡೆಯುವ ಗುಣ, ಬಲವಾಗಿದೆ. ಜಿರ್ಕಾನ್ ಮತ್ತು ವಜ್ರದಂತೆ ಕಾಣುವ ಮಾಯ್ಸನೈಟ್ ಹೀಗೆ ಸಿಕ್ಕಿಬೀಳುತ್ತವೆ. ಮಾಯ್ಸನೈಟನ್ನು ಟೇಬಲ್ ಮೂಲಕ ನೇರವಾಗಿ ನೋಡಿದರೆ ಅಂಚು ಒಂದೇ ಎಂದು ಕಾಣುವಂತೆ ಕತ್ತರಿಸಿರುತ್ತಾರೆ. ಹಾಗಾಗಿ ಓರೆ ನೋಟ ತಪ್ಪಿಸಬೇಡಿ.

ಈಗ ಎರಡನೆಯ ಪ್ರಶ್ನೆಗೆ ಬರುವ ಹೊತ್ತು. ವೆರ್ನ್ಯೂಯ್ ವಿಧಾನದಲ್ಲಿ ಪುಡಿಯು ಜ್ವಾಲೆಯ ಮೂಲಕ ಉದುರಿ, ಕರಗಿ, ಕೆಳಗಿನ ದುಂಡು ತಲೆಯ ಮೇಲೆ ಪದರ ಪದರವಾಗಿ ಗಟ್ಟಿಯಾಗುತ್ತದೆ. ಪದರಗಳು ಬಾಗಿರುವುದರಿಂದ ಬೆಳವಣಿಗೆಯ ಗೆರೆಗಳೂ ಗ್ರಾಮಫೋನ್ ತಟ್ಟೆಯ ಗೆರೆಗಳಂತೆ ಬಾಗಿರುತ್ತವೆ. ಭೂಮಿಯಲ್ಲಿ ಬೆಳೆದ ಹರಳಿನ ಗೆರೆಗಳು ಸ್ಫಟಿಕದ ಮುಖಗಳನ್ನು ಅನುಸರಿಸುತ್ತವೆ. ನೇರವಾಗಿ ಹೋಗಿ ಕೋನದಲ್ಲಿ ತಿರುಗುತ್ತವೆ. ಬಾಗಿದ ಗೆರೆ ಸ್ಪಷ್ಟವಾಗಿ ಸಿಕ್ಕರೆ ಅಷ್ಟೇ ಸಾಕು, ಅದು ಸಿಂಥೆಟಿಕ್.

ಗೆರೆ ಹುಡುಕುವುದು ಅಷ್ಟು ಸುಲಭವಲ್ಲ. ಹೀಗೆ ಮಾಡಿ: ಬಿಳಿ ತಟ್ಟೆಯಲ್ಲಿ ನೀರು ತುಂಬಿ ಹರಳನ್ನು ಮುಳುಗಿಸಿ. ಮುಖಗಳ ಪ್ರತಿಫಲನ ಬಹುಮಟ್ಟಿಗೆ ಅಡಗುತ್ತದೆ. ಕೆಳಗಿನಿಂದ ಬೆಳಕು ಬಿಡಲು ಪಾರದರ್ಶಕ ಪಾತ್ರೆ ಇದ್ದರೆ ಬೆಳಕಿನ ಮೇಲೆ ತೆಳುವಾದ ಟಿಶ್ಯೂ ಕಾಗದ ಹಾಸಿ, ಕಿರಣವನ್ನು ಮೆತ್ತಗಾಗಿಸಿ. ಹರಳನ್ನು ಒಂದೊಂದೇ ದಿಕ್ಕಿಗೆ ಸ್ವಲ್ಪಸ್ವಲ್ಪವೇ ತಿರುಗಿಸಿ. ಗೆರೆಗಳು ಒಂದೆರಡು ಕೋನದಲ್ಲಿ ಮಾತ್ರ ಮಿಂಚಿ ಮಾಯವಾಗುತ್ತವೆ. ಮಾಣಿಕ್ಯದಲ್ಲಿ ಅವು ಸೂಕ್ಷ್ಮ ಮತ್ತು ಒತ್ತೊತ್ತಾಗಿರುತ್ತವೆ. ನೀಲದಲ್ಲಿ ಅಗಲವಾದ ಬಣ್ಣದ ಪಟ್ಟಿಗಳಾಗಿರುತ್ತವೆ. ಹಳದಿ ಹರಳಿನಲ್ಲಿ ಬಹಳ ಸಲ ಕಾಣುವುದೇ ಇಲ್ಲ. ಎಲ್ಲ ಮುಖಗಳಲ್ಲೂ ಒಂದೊಂದು ದಿಕ್ಕಿಗೆ ಹರಿದ ನೇರ ಗೀರುಗಳು ಕಂಡರೆ ಅವು ಪಾಲಿಶ್ ಗುರುತು. ಅವು ಒಂದು ಮುಖದ ಅಂಚಿಗೆ ನಿಂತುಬಿಡುತ್ತವೆ, ಬೆಳವಣಿಗೆಯ ಗೆರೆ ಮುಖಗಳನ್ನು ದಾಟಿ ಸಾಗುತ್ತದೆ.

ಗುಂಡಗಿನ ಅನಿಲ ಗುಳ್ಳೆಗಳೂ ಸಿಂಥೆಟಿಕ್ ಅಥವಾ ಗಾಜಿನ ಗುರುತು. ಆದರೆ ಲೂಪಿನಲ್ಲಿ ಚಿಕ್ಕ ಸ್ಫಟಿಕವೂ ದುಂಡಗೆ ಕಾಣಬಲ್ಲದು, ಗುಳ್ಳೆಯೆಂದು ಅವಸರದಲ್ಲಿ ತೀರ್ಮಾನಿಸಬೇಡಿ. ಬೆರಳಚ್ಚಿನ ಹಾಗೆ ಹರಡಿದ ದ್ರವದ ಜಾಲ ನೈಸರ್ಗಿಕ ಹರಳಿನಲ್ಲಿ ಸಾಮಾನ್ಯ. ಆದರೆ ವೆರ್ನ್ಯೂಯ್ ಹರಳನ್ನು ಕಾಯಿಸಿ ಥಟ್ಟನೆ ತಣಿಸಿ, ಬಿರುಕು ಮೂಡಿಸಿ, ಅಂಥದೇ ಜಾಲವನ್ನು ಹುಟ್ಟಿಸುವುದೂ ಉಂಟು. ಹಾಗಾಗಿ ಜಾಲ ಕಂಡರೂ ಅದರ ಜೊತೆಗೆ ಬಾಗಿದ ಗೆರೆ ಇದೆಯೇ ಎಂದು ಹುಡುಕಿ. 60 ಮತ್ತು 120 ಡಿಗ್ರಿಯಲ್ಲಿ ಒಂದನ್ನೊಂದು ದಾಟುವ, ರೂಟೈಲ್ ಎಂಬ ಖನಿಜದ ಸೂಜಿಗಳು, ಅಂದರೆ ‘ರೇಷ್ಮೆ’, ಮಾಣಿಕ್ಯ ಮತ್ತು ನೀಲಗಳಲ್ಲಿ ಕಾಣುವ ಅತಿ ಸುಂದರ ನೋಟಗಳಲ್ಲೊಂದು. ಟಾರ್ಚಿನ ಕಿರಣ ಓರೆಯಾಗಿ ಬಿದ್ದಾಗ ಪ್ರತಿ ಸೂಜಿಯೂ ಕಾಮನಬಿಲ್ಲಿನ ಬಣ್ಣದಲ್ಲಿ ಹೊಳೆಯುತ್ತದೆ. ಇವು ಮುರಿಯದೆ ಚೂಪಾಗಿದ್ದರೆ ಹರಳು ಹೆಚ್ಚಿನ ಉಷ್ಣ ಕಂಡಿಲ್ಲ ಎಂಬ ಸೂಚನೆಯೂ ಸಿಕ್ಕಿತು.

ಫ್ಲಕ್ಸ್ ಎಂಬ ಕರಗಿದ ದ್ರಾವಕದಲ್ಲಿ ತಿಂಗಳುಗಟ್ಟಲೆ ಬೆಳೆಸಿದ ಸಿಂಥೆಟಿಕ್‌ಗಳೇ ನಿಜವಾಗಿ ಕಾಡುವುದು. ಅವುಗಳಲ್ಲಿ ಬಾಗಿದ ಗೆರೆ ಇರುವುದಿಲ್ಲ. ತಿರುಚಿದ ಮುಸುಕಿನಂಥ ಬಿಳಿ ಪರದೆಗಳು, ಕೆಲವೊಮ್ಮೆ ಕುಲುಮೆಯ ಪಾತ್ರೆಯಿಂದ ಬಂದ ಪ್ಲಾಟಿನಂ ಚೂರುಗಳು ಇರುತ್ತವೆ. ಮುಸುಕನ್ನು ನೈಸರ್ಗಿಕ ಜಾಲವೆಂದು ತಿಳಿಯುವುದು ಅನುಭವಿಗಳೂ ಮಾಡುವ ತಪ್ಪು.

ಹಂತ 3: ಅಳತೆ

ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ಸಂಪರ್ಕ ದ್ರವದ ಒಂದು ಪುಟ್ಟ ಬಿಂದು, ಒಂದೆರಡು ಮಿ.ಮೀ. ಅಗಲದ್ದು, ಇಡಿ. ಹರಳನ್ನು ಪಕ್ಕದ ಲೋಹದ ಮೇಲೆ ಟೇಬಲ್ ಕೆಳಗಾಗಿ ಇಟ್ಟು, ಬೆರಳಿನಿಂದ ಬಿಂದುವಿನ ಮೇಲೆ ಜಾರಿಸಿ. ಆ ಗಾಜು ಮೆದು. ಚಿಮಟ ತಾಗಿದರೆ ಗೀರು ಖಂಡಿತ. ನೆರಳಿನ ಅಂಚು ಎಲ್ಲಿ ಬಿದ್ದಿದೆ ಎಂದು ಓದಿ, ಹರಳನ್ನು 45 ಡಿಗ್ರಿಯಷ್ಟು ತಿರುಗಿಸುತ್ತ ಪ್ರತಿ ಸಲವೂ ಓದು ಬರೆದುಕೊಳ್ಳಿ. ಅತಿ ಹೆಚ್ಚಿನದರಲ್ಲಿ ಅತಿ ಕಡಿಮೆಯನ್ನು ಕಳೆದರೆ ದ್ವಿವಕ್ರೀಭವನದ ಪ್ರಮಾಣ. ಮಾಣಿಕ್ಯ ಮತ್ತು ನೀಲಕ್ಕೆ ಅದು ಸುಮಾರು 0.008.

ಓದು ಮಸುಕಾದರೆ ಸಾಮಾನ್ಯವಾಗಿ ಬಿಂದು ದೊಡ್ಡದಾಗಿದೆ, ಅಥವಾ ಮುಖದ ಮೇಲೆ ಜಿಡ್ಡಿದೆ. 1.81ರ ಆಸುಪಾಸಿನಲ್ಲೇ ಯಾವಾಗಲೂ ಒಂದು ಗೆರೆ ಕಾಣುತ್ತದೆ. ಅದು ದ್ರವದ್ದು, ಹರಳಿನದ್ದಲ್ಲ. ವಜ್ರ, ಕ್ಯೂಬಿಕ್ ಜಿರ್ಕೋನಿಯಾ, ಮಾಯ್ಸನೈಟ್ ಈ ಮಿತಿಗಿಂತ ಮೇಲಿರುವುದರಿಂದ ಅವುಗಳ ಓದು ಇಲ್ಲಿ ಸಿಗುವುದಿಲ್ಲ. ದ್ರವ ವಿಷಕಾರಿ. ಗಾಳಿಯಾಡುವ ಕಡೆ ಬಳಸಿ, ಕೈ ತೊಳೆಯಿರಿ. ಒರೆಸದೆ ಬಿಟ್ಟರೆ ಗಂಧಕದ ಹರಳು ಗಾಜಿಗೆ ಅಂಟಿಕೊಳ್ಳುತ್ತದೆ.

ಸಾಂದ್ರತೆಯನ್ನು ಮಾತ್ರ ಯಾರು ಬೇಕಾದರೂ ಮನೆಯಲ್ಲೇ ಅಳೆಯಬಹುದು, ಬಿಡಿ ಹರಳಾಗಿದ್ದರೆ.

1. ಹರಳನ್ನು ಒಣಗಿಸಿ ತೂಗಿ. 0.842 ಗ್ರಾಂ ಬಂತು ಎನ್ನಿ.
2. ಕುದಿಸಿ ಆರಿಸಿದ ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದು ತೊಟ್ಟು ಬೆರೆಸಿ, ಲೋಟವನ್ನು ತಕ್ಕಡಿಯ ಮೇಲಿಡಿ. ಕುದಿಸುವುದು ಕರಗಿದ ಗಾಳಿ ಹೋಗಲೆಂದು, ಸೋಪು ಗುಳ್ಳೆ ಅಂಟದಿರಲೆಂದು.
3. ತೆಳು ತಂತಿಯ ಕುಣಿಕೆಯೊಂದನ್ನು ಪ್ರತ್ಯೇಕ ಆಸರೆಯಿಂದ ನೀರಿನೊಳಗೆ ಇಳಿಬಿಟ್ಟು ತಕ್ಕಡಿಯನ್ನು ಸೊನ್ನೆಗೆ ತನ್ನಿ. ಆಸರೆ ತಕ್ಕಡಿಗೆ ತಾಗಬಾರದು.
4. ಹರಳನ್ನು ಕುಣಿಕೆಯಲ್ಲಿ ಕೂರಿಸಿ, ಅಷ್ಟೇ ಆಳಕ್ಕೆ ಮುಳುಗಿಸಿ. ತಳಕ್ಕೂ ಗೋಡೆಗೂ ತಾಗದಿರಲಿ. ಈಗ ತೋರುವ ತೂಕ ಹರಳು ಪಕ್ಕಕ್ಕೆ ಸರಿಸಿದ ನೀರಿನದ್ದು: 0.211.
5. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ: 3.99. ಅಂದರೆ ಕೊರಂಡಮ್, ಮಾಣಿಕ್ಯ ಮತ್ತು ನೀಲಗಳ ಖನಿಜ. ಓದು 0.234 ಬಂದಿದ್ದರೆ ಸಾಂದ್ರತೆ 3.60, ಅಂದರೆ ಸ್ಪಿನೆಲ್.

ಎರಡು ಮಿ.ಮೀ. ಅಗಲದ ಒಂದೇ ಒಂದು ಗುಳ್ಳೆ ಅಂಟಿಕೊಂಡರೂ ಇದೇ ಹರಳು 3.91 ತೋರಿಸುತ್ತದೆ. ಅರ್ಧ ಕ್ಯಾರೆಟ್ಟಿನ ಹರಳಿನಲ್ಲಿ ತಕ್ಕಡಿ 0.001 ಗ್ರಾಂ ತಪ್ಪಿದರೆ ಉತ್ತರ 3.85ರಿಂದ 4.17ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಆದ್ದರಿಂದ ಒಂದು ಕ್ಯಾರೆಟ್ಟಿಗಿಂತ ಚಿಕ್ಕ ಹರಳಿಗೆ ಈ ವಿಧಾನವನ್ನು ನೆಚ್ಚಬೇಡಿ. ಮೂರು ಸಲ ತೂಗಿ ಸರಾಸರಿ ತೆಗೆಯಿರಿ.

ಪೋಲಾರಿಸ್ಕೋಪಿನಲ್ಲಿ ಎರಡು ಧ್ರುವೀಕರಣ ಹಾಳೆಗಳನ್ನು ಕತ್ತಲಾಗುವಂತೆ ಅಡ್ಡಡ್ಡ ಇಟ್ಟು, ನಡುವೆ ಹರಳನ್ನು ಒಂದು ಸುತ್ತು ತಿರುಗಿಸಿ. ನಾಲ್ಕು ಸಲ ಬೆಳಗಿ ನಾಲ್ಕು ಸಲ ಕತ್ತಲಾದರೆ ದ್ವಿವಕ್ರೀಭವನ: ಮಾಣಿಕ್ಯ, ಪಚ್ಚೆ, ಸ್ಫಟಿಕಶಿಲೆ, ಟೋಪಾಜ್. ಕತ್ತಲಾಗಿಯೇ ಉಳಿದರೆ ಏಕವಕ್ರೀಭವನ: ಸ್ಪಿನೆಲ್, ಗಾರ್ನೆಟ್, ವಜ್ರ, ಗಾಜು. ದ್ವಿವಕ್ರೀಭವನದ ಹರಳೂ ಒಂದು ದಿಕ್ಕಿನಲ್ಲಿ ಕತ್ತಲಾಗಿಯೇ ಇರುತ್ತದೆ, ಹಾಗಾಗಿ ಮೂರು ಭಂಗಿಗಳಲ್ಲಿ ನೋಡಿ. ಸಿಂಥೆಟಿಕ್ ಸ್ಪಿನೆಲ್ ಒಳಒತ್ತಡದಿಂದಾಗಿ ಚೌಕಳಿಯಂಥ ನೆರಳು ತೋರಿಸಿ ಗೊಂದಲ ಮಾಡಬಹುದು.

ನಿಮ್ಮ ಟಿಪ್ಪಣಿಗೆ ಕೆಲವು ಸಂಖ್ಯೆಗಳು: ಪಚ್ಚೆಯ ವಕ್ರೀಭವನಾಂಕ 1.577–1.583, ಸಾಂದ್ರತೆ 2.72. ಸ್ಫಟಿಕಶಿಲೆ 1.544–1.553, 2.65. ಸ್ಪಿನೆಲ್ 1.718, 3.60. ಟೋಪಾಜ್ 1.61ರಿಂದ 1.63ರ ಒಳಗೆ, 3.53. ಹೆಸೊನೈಟ್ ಎಂಬ ಗೋಮೇಧಿಕ 1.74ರ ಆಸುಪಾಸು, 3.61. ವೈಡೂರ್ಯ 1.746–1.755, 3.73. ಕ್ಯೂಬಿಕ್ ಜಿರ್ಕೋನಿಯಾದ ಸಾಂದ್ರತೆ 5.6ರಿಂದ 6.0.

ಅಳತೆ ಎಷ್ಟು ದೂರ ಕೊಂಡೊಯ್ಯಬಲ್ಲದು ಎಂಬುದಕ್ಕೆ ಸ್ಪಿನೆಲ್ ಒಳ್ಳೆಯ ಉದಾಹರಣೆ. ಬ್ರಿಟನ್ನಿನ ರಾಜಕಿರೀಟದ ಸುಮಾರು 170 ಕ್ಯಾರೆಟ್ಟಿನ ‘ಬ್ಲ್ಯಾಕ್ ಪ್ರಿನ್ಸ್ ರೂಬಿ’ ಮಾಣಿಕ್ಯವಲ್ಲ, ಸ್ಪಿನೆಲ್. ಈ ಎರಡು ಖನಿಜಗಳು ಬೇರೆ ಎಂಬುದು 1783ರ ಹೊತ್ತಿಗಷ್ಟೇ ಸ್ಪಷ್ಟವಾಯಿತು. ಇಂದು ಅದೇ ಉತ್ತರ ಐದು ನಿಮಿಷದ ಕೆಲಸ. ಇನ್ನೂ ಒಂದು ಅನುಕೂಲವಿದೆ: ವೆರ್ನ್ಯೂಯ್ ಸ್ಪಿನೆಲ್‌ಗೆ ಅಲ್ಯೂಮಿನಾ ಹೆಚ್ಚಾಗಿ ಸೇರಿಸುವುದರಿಂದ ಅದರ ವಕ್ರೀಭವನಾಂಕ 1.728ಕ್ಕೆ ಏರುತ್ತದೆ. ಇಲ್ಲಿ ಸಂಖ್ಯೆಯೇ ಸಿಂಥೆಟಿಕ್ಕನ್ನು ಹಿಡಿದುಕೊಡುತ್ತದೆ. ಮಾಣಿಕ್ಯದಲ್ಲಿ ಆ ಭಾಗ್ಯವಿಲ್ಲ.

ಹಂತ 4: ಹರಳಿಗೆ ತಕ್ಕ ಪ್ರಶ್ನೆ

ಮಾಣಿಕ್ಯದಲ್ಲಿ ಡೈಕ್ರೋಸ್ಕೋಪ್ ಉಪಯುಕ್ತ. ಅದರಲ್ಲಿ ನೇರಳೆಗೆಂಪು ಮತ್ತು ಕಿತ್ತಳೆಗೆಂಪು ಎರಡೂ ಅಕ್ಕಪಕ್ಕ ಕಾಣುತ್ತವೆ. ಸ್ಪಿನೆಲ್, ಗಾರ್ನೆಟ್, ಗಾಜುಗಳಲ್ಲಿ ಒಂದೇ ಬಣ್ಣ. ನೈಸರ್ಗಿಕ ಮಾಣಿಕ್ಯವನ್ನು ಟೇಬಲ್ ಮೂಲಕ ನೋಡಿದಾಗ ಒಂದೇ ಶುದ್ಧ ಕೆಂಪು ಕಾಣುವಂತೆ ಕತ್ತರಿಸುವುದು ವಾಡಿಕೆ. ವೆರ್ನ್ಯೂಯ್ ಹರಳಿನ ಕಚ್ಚಾ ತುಂಡು ಉದ್ದಕ್ಕೆ ಸೀಳುವುದರಿಂದ ಅದನ್ನು ಬೇರೆ ದಿಕ್ಕಿನಲ್ಲಿ ಕತ್ತರಿಸುತ್ತಾರೆ, ಹಾಗಾಗಿ ಟೇಬಲ್ ಮೂಲಕವೇ ಎರಡು ಬಣ್ಣ ಕಾಣುವುದು ಹೆಚ್ಚು. ಇದು ಸಾಕ್ಷಿಯಲ್ಲ, ಸುಳಿವು. 365 ನ್ಯಾನೋಮೀಟರಿನ ಯುವಿ ದೀಪದಡಿ ಸಿಂಥೆಟಿಕ್ ಮಾಣಿಕ್ಯ ಕೆಂಡದಷ್ಟು ಕೆಂಪಾಗಿ ಹೊಳೆಯುತ್ತದೆ. ಕಬ್ಬಿಣ ಕಡಿಮೆ ಇರುವ ನೈಸರ್ಗಿಕ ಮಾಣಿಕ್ಯವೂ ಚೆನ್ನಾಗಿಯೇ ಹೊಳೆಯುವುದರಿಂದ ಇದನ್ನೊಂದನ್ನೇ ನಂಬಲಾಗದು. ದೀಪವನ್ನು ಯುವಿ ತಡೆಯುವ ಕನ್ನಡಕವಿಲ್ಲದೆ ನೋಡಬೇಡಿ.

ಪಚ್ಚೆಯೊಳಗೆ ಬಿರುಕು, ಜಾಲ, ಸ್ಫಟಿಕ ಇರುವುದು ಸಹಜ. ತೀರಾ ಸ್ವಚ್ಛ, ದೊಡ್ಡ, ಗಾಢ ಪಚ್ಚೆ ಕಂಡರೆ ಎಚ್ಚರ ಹೆಚ್ಚಲಿ. ಒತ್ತಡದಲ್ಲಿಟ್ಟ ಬಿಸಿನೀರಿನ ದ್ರಾವಣದಲ್ಲಿ ಬೆಳೆಸುವ ಹೈಡ್ರೋಥರ್ಮಲ್ ವಿಧಾನದ ಪಚ್ಚೆಯಲ್ಲಿ ಸಾಲುಸಾಲು ಬಾಣದ ತುದಿಯಂಥ ಬೆಳವಣಿಗೆಯ ಗೆರೆಗಳು ಇರುತ್ತವೆ. ಫ್ಲಕ್ಸ್ ಪಚ್ಚೆಯ ವಕ್ರೀಭವನಾಂಕ 1.56ರ ಆಸುಪಾಸಿಗೆ ಇಳಿಯುತ್ತದೆ, ಸಾಂದ್ರತೆ 2.65ಕ್ಕೆ. ಒಂದು ಪುಟ್ಟ ದ್ರವಕೋಶದೊಳಗೆ ಉಪ್ಪಿನ ಘನ ಹಾಗೂ ಅನಿಲದ ಗುಳ್ಳೆ ಎರಡೂ ಇರುವ ಮೂರು ಸ್ಥಿತಿಯ ಒಳಗುರುತು ಕೊಲಂಬಿಯಾದ ಪಚ್ಚೆಯ ಹೆಗ್ಗುರುತು. ಬೇರೆ ಕಡೆಯ ಪಚ್ಚೆಗಳಲ್ಲೂ ಅಂಥದ್ದು ಸಿಗುವುದರಿಂದ ಮೂಲಸ್ಥಳದ ಬಗ್ಗೆ ಅದರಿಂದಲೇ ಹೇಳಬೇಡಿ.

ವಜ್ರದಲ್ಲಿ ತಪ್ಪುಗಳಾಗುವುದು ಟೆಸ್ಟರ್ ಪೆನ್ನಿನಿಂದ. ಉಷ್ಣವಾಹಕತೆ ಅಳೆಯುವ ಪೆನ್ನು ಕ್ಯೂಬಿಕ್ ಜಿರ್ಕೋನಿಯಾವನ್ನು ತಳ್ಳಿಹಾಕುತ್ತದೆ, ಮಾಯ್ಸನೈಟನ್ನು ‘ವಜ್ರ’ ಎನ್ನುತ್ತದೆ. ವಿದ್ಯುತ್ ವಾಹಕತೆಯನ್ನೂ ನೋಡುವ ಪೆನ್ನು ಮಾಯ್ಸನೈಟನ್ನು ಹೆಚ್ಚಾಗಿ ಹಿಡಿಯುತ್ತದೆ. ಲ್ಯಾಬ್ ವಜ್ರವನ್ನು ಎರಡೂ ಹಿಡಿಯಲಾರವು, ಏಕೆಂದರೆ ಅದು ವಜ್ರ. ವ್ಯತ್ಯಾಸ ಇರುವುದು ನೈಟ್ರೋಜನ್ ಕಥೆಯಲ್ಲಿ: ನೈಸರ್ಗಿಕ ವಜ್ರಗಳಲ್ಲಿ ಬಹುಪಾಲಿನೊಳಗೆ ನೈಟ್ರೋಜನ್ ಪರಮಾಣುಗಳು ದೀರ್ಘಕಾಲದಲ್ಲಿ ಗುಂಪುಗೂಡಿರುತ್ತವೆ. ಲ್ಯಾಬ್‌ನಲ್ಲಿ ಅನಿಲದಿಂದ ಬೆಳೆಸಿದ ಬಣ್ಣರಹಿತ ಸಿವಿಡಿ ವಜ್ರಗಳಲ್ಲಿ ನೈಟ್ರೋಜನ್ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅಂಥ ವಜ್ರ ಪ್ರಕೃತಿಯಲ್ಲೂ ಇದೆ, ಆದರೆ ಶೇ. 2ಕ್ಕಿಂತ ಕಡಿಮೆ. ಜರಡಿ ಯಂತ್ರಗಳು ಈ ಅಪರೂಪದ ಬಗೆಯನ್ನು ಬೇರ್ಪಡಿಸಿ ‘ಮುಂದೆ ಪರೀಕ್ಷಿಸಿ’ ಎನ್ನುತ್ತವೆ. ಅದು ಲ್ಯಾಬ್ ವಜ್ರ ಎಂಬ ತೀರ್ಪಲ್ಲ. ಲೂಪಿನಿಂದ ಲ್ಯಾಬ್ ವಜ್ರ ಗುರುತಿಸುತ್ತೇನೆ ಎನ್ನುವವರ ಮಾತನ್ನು ನಂಬಬೇಡಿ.

ವೈಡೂರ್ಯದ ಹೆಸರಿನಲ್ಲಿ ಬರುವ ಗಾಜಿನ ನಾರಿನ ಹರಳನ್ನು ಪಕ್ಕದಿಂದ ಲೂಪಿನಲ್ಲಿ ನೋಡಿದರೆ ಜೇನುಗೂಡಿನ ಷಟ್ಕೋನ ಜಾಲ ಕಾಣುತ್ತದೆ. ಗೋಮೇಧಿಕದ ಒಳಗೆ ಅಲೆಯಲೆಯಾದ ಕಲಕಿದ ನೋಟ ಇರುತ್ತದೆ. ಗಾಜಿನಲ್ಲಿ ಸುಳಿ ಮತ್ತು ಗುಳ್ಳೆ. ಮುತ್ತು ತಾನಾಗಿ ಆದದ್ದೋ ಕೃಷಿ ಮುತ್ತೋ ಎಂಬುದನ್ನು ಹೊರನೋಟದಿಂದ ಖಚಿತವಾಗಿ ಹೇಳಲಾಗದು, ಎಕ್ಸ್-ರೇ ಬೇಕು.

ಹಂತ 5: ಹರಳಿಗೆ ಏನು ಮಾಡಿದ್ದಾರೆ?

ಮಾಣಿಕ್ಯ ಮತ್ತು ನೀಲವನ್ನು ಕಾಯಿಸುವುದು ವ್ಯಾಪಕ, ಶಾಶ್ವತ, ಒಪ್ಪಿತ ಪದ್ಧತಿ. ಆದರೂ ಹೇಳಬೇಕು. ಕಾಯಿಸಿದ ಹರಳಿನ ರೇಷ್ಮೆ ಸೂಜಿಗಳು ತುಂಡಾಗಿ ಚುಕ್ಕೆಗಳ ಸಾಲಾಗುತ್ತವೆ. ಒಳಗಿನ ಸ್ಫಟಿಕ ಉಬ್ಬಿ ಸುತ್ತ ತಟ್ಟೆಯಂಥ ಬಿರುಕು ಮೂಡಿರುತ್ತದೆ.

ಸೀಸದ ಗಾಜು ತುಂಬಿದ ಮಾಣಿಕ್ಯ ಬೇರೆಯದೇ ಮಾತು. 2004ರ ಸುಮಾರಿಗೆ ಮಾರುಕಟ್ಟೆಗೆ ಹೇರಳವಾಗಿ ಬಂದ ಇದರಲ್ಲಿ ಬಿರುಕು ತುಂಬಿದ ಕೆಳದರ್ಜೆಯ ಕೊರಂಡಮ್‌ನ ಬಿರುಕುಗಳನ್ನು ಗಾಜು ಮುಚ್ಚಿರುತ್ತದೆ. ಹರಳನ್ನು ಓಲಾಡಿಸುತ್ತ ನೋಡಿ: ಬಿರುಕಿನ ಉದ್ದಕ್ಕೂ ನೀಲಿ ಮಿಂಚು, ಒಳಗೆ ಚಪ್ಪಟೆ ಗುಳ್ಳೆಗಳು. ಮೇಲ್ಮೈಯಲ್ಲಿ ಬೆಳಕು ಪ್ರತಿಫಲಿಸುವಾಗ ಗಾಜಿನ ಗೆರೆಗಳು ಮಂದವಾಗಿ ಬೇರೆಯಾಗಿ ಕಾಣುತ್ತವೆ. ನಿಂಬೆರಸವೂ ಈ ಗಾಜನ್ನು ಕೊರೆಯುತ್ತದೆ. ಆಭರಣ ಬೆಸೆಯುವ ಜ್ವಾಲೆ ತಾಗಿದರೆ ಹರಳು ಹಾಳು. ಇದನ್ನು ‘ಕಾಯಿಸಿದ ಮಾಣಿಕ್ಯ’ ಎಂದಷ್ಟೇ ಕರೆಯುವುದು ಸುಳ್ಳು.

ಟೈಟಾನಿಯಂ ಇಳಿಸಿ ಬಣ್ಣ ಕೊಟ್ಟ ನೀಲವನ್ನು ನೀರಿನಲ್ಲಿ ಮುಳುಗಿಸಿದರೆ ಬಣ್ಣ ಅಂಚುಗಳಲ್ಲಿ ದಟ್ಟವಾಗಿ, ನಡುವೆ ತೆಳುವಾಗಿ ಕಾಣುತ್ತದೆ. 2002ರ ಸುಮಾರಿಗೆ ಬೆಳಕಿಗೆ ಬಂದ ಬೆರಿಲಿಯಂ ವಿಧಾನ ಹಾಗಲ್ಲ. ಪುಟ್ಟ ಪರಮಾಣು ಹರಳಿನ ತುಂಬ ಹರಡಿಬಿಡುತ್ತದೆ. ಖಚಿತ ಉತ್ತರಕ್ಕೆ ಲೇಸರಿನಿಂದ ಕಣ್ಣಿಗೆ ಕಾಣದಷ್ಟು ಚೂರು ಆವಿಯಾಗಿಸಿ ಅಳೆಯುವ ಯಂತ್ರ ಬೇಕು. ಕಿತ್ತಳೆ ಮತ್ತು ಗಾಢ ಹಳದಿ ಹರಳುಗಳಿಗೆ ಪ್ರಯೋಗಾಲಯದ ವರದಿ ಇಲ್ಲದೆ ಮುಂದುವರಿಯಬೇಡಿ.

ಹಂತ 6: ವರದಿಯನ್ನು ಓದುವುದು

ಪ್ರಯೋಗಾಲಯದ ವರದಿ ಬಂದ ಮೇಲೂ ಹರಳನ್ನು ತೂಗಿ, ಅಳೆದು, ವರದಿಯೊಂದಿಗೆ ಹೋಲಿಸಿ. ತೂಕ 0.01 ಕ್ಯಾರೆಟ್ ಒಳಗೆ, ಉದ್ದಗಲ ಆಳ 0.05 ಮಿ.ಮೀ. ಒಳಗೆ ಹೊಂದಬೇಕು. ನಿಜವಾದ ವರದಿಗೆ ಬೇರೆ ಹರಳನ್ನು ಜೊತೆ ಮಾಡುವುದು ಹಳೆಯ ಚಾಳಿ. ವರದಿಯ ಸಂಖ್ಯೆಯನ್ನು ಆ ಸಂಸ್ಥೆಯ ತಾಣದಲ್ಲಿ ನೀವೇ ಟೈಪ್ ಮಾಡಿ ನೋಡಿ, ಕಾರ್ಡಿನ ಮೇಲಿನ ಕೊಂಡಿಯನ್ನು ನಂಬಬೇಡಿ. ಅದು ನಕಲಿ ತಾಣಕ್ಕೂ ಕರೆದೊಯ್ಯಬಹುದು. ವಜ್ರದ ನಡುಪಟ್ಟಿಯ ಮೇಲೆ ಲೇಸರ್ ಸಂಖ್ಯೆ ಇದ್ದರೆ ಲೂಪಿನಲ್ಲಿ ಓದಿ.

ವರದಿಯಲ್ಲಿ ಮೂರು ಪ್ರಶ್ನೆಗಳಿಗೂ ಬೇರೆ ಬೇರೆ ಸಾಲು ಇದೆಯೇ ನೋಡಿ. ‘ನ್ಯಾಚುರಲ್ ರೂಬಿ’ ಎಂಬ ಸಾಲಿನ ಕೆಳಗೆ ಸಂಸ್ಕರಣೆಯ ಸಾಲೇ ಇಲ್ಲದಿದ್ದರೆ ಹರಳು ಸಂಸ್ಕರಣೆಯಿಲ್ಲದ್ದು ಎಂದಲ್ಲ. ಆ ಪ್ರಶ್ನೆಯನ್ನು ಪರೀಕ್ಷಿಸಿಲ್ಲ ಎಂದಿರಬಹುದು. ಮೂಲಸ್ಥಳದ ಸಾಲು ಅಳತೆಯಲ್ಲ, ಅಭಿಪ್ರಾಯ: ಒಳಗುರುತು ಮತ್ತು ರಾಸಾಯನಿಕ ಲಕ್ಷಣಗಳನ್ನು ತಿಳಿದ ಮಾದರಿಗಳೊಂದಿಗೆ ಹೋಲಿಸಿ ಕೊಟ್ಟದ್ದು. ಎರಡು ಒಳ್ಳೆಯ ಸಂಸ್ಥೆಗಳು ಭಿನ್ನ ಮೂಲ ಹೇಳಿರುವುದೂ ಉಂಟು. ಹಳೆಯ ವರದಿ ಬರೆದ ದಿನಕ್ಕೆ ಗೊತ್ತಿದ್ದ ಸಂಸ್ಕರಣೆಗಳನ್ನು ಮಾತ್ರ ಹುಡುಕಿರುತ್ತದೆ, ಹಾಗಾಗಿ ದಿನಾಂಕ ಓದುವುದನ್ನು ಮರೆಯಬೇಡಿ.

ಜೋಪಾನ

ಗೊತ್ತಾದದ್ದನ್ನು ಬಳಕೆಯಲ್ಲಿ ಪಾಲಿಸಿ. ಎಣ್ಣೆ ತುಂಬಿದ ಪಚ್ಚೆಯನ್ನು ಅಲ್ಟ್ರಾಸಾನಿಕ್ ತೊಟ್ಟಿಗೆ, ಬಿಸಿನೀರಿಗೆ, ಅಸಿಟೋನ್‌ಗೆ ಹಾಕಬೇಡಿ. ಎಣ್ಣೆ ಹೊರಬಂದು ಬಿರುಕುಗಳು ಬಿಳಿಯಾಗಿ ಎದ್ದು ಕಾಣುತ್ತವೆ. ಉಗುರುಬೆಚ್ಚಗಿನ ನೀರು, ಮೆದು ಬ್ರಶ್ ಸಾಕು. ಅಂಟಿಸಿ ಮಾಡಿದ ಡಬ್ಲೆಟ್ ಮತ್ತು ಮೂರು ಪದರದ ಓಪಲ್ ಟ್ರಿಪ್ಲೆಟ್ ನೆನೆದರೆ ಅಂಟು ಬಿಟ್ಟು ಮಬ್ಬಾಗುತ್ತವೆ. ವಜ್ರವನ್ನು ಬೇರೆ ಹರಳುಗಳ ಜೊತೆ ಒಂದೇ ಚೀಲದಲ್ಲಿಡಬೇಡಿ, ಅದು ಉಳಿದೆಲ್ಲವನ್ನೂ ಗೀರುತ್ತದೆ. ಹರಳನ್ನು ಉಂಗುರಕ್ಕೆ ಕೂರಿಸಲು ಕೊಡುವ ಮುನ್ನ ತೂಕ, ಅಳತೆ, ಮತ್ತು ಲೂಪಿನಲ್ಲಿ ಕಂಡ ಎರಡು ಮೂರು ಒಳಗುರುತುಗಳ ಜಾಗವನ್ನು ಚಿತ್ರ ಬರೆದಿಟ್ಟುಕೊಳ್ಳಿ. ಕೆಲಸ ಮುಗಿದು ಬಂದಾಗ ಅದೇ ಚಿತ್ರವನ್ನು ಹಿಡಿದು ಹರಳನ್ನು ಮತ್ತೆ ನೋಡಿ. ಕೂರಿಸಿದ ಮೇಲೆ ತೂಕವನ್ನೂ ಸಾಂದ್ರತೆಯನ್ನೂ ಅಳೆಯಲು ಆಗುವುದಿಲ್ಲ, ಒಳಗುರುತು ಮಾತ್ರ ಇದ್ದಲ್ಲೇ ಇರುತ್ತದೆ.